ಗದ್ದೆ ಮುಚ್ಚಿದರೆ ಬಾವಿಗೇನಾಗುತ್ತದೆ?

ಓದುಗರ ಪ್ರಶ್ನೆಗಳಿಗೆ ಕೊಡಗಿನ ಕಕ್ಕಬ್ಬೆಯ ಬೆಳೆಗಾರ್ತಿಯೊಬ್ಬರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಗದ್ದೆ ತೋಟವಾಗಬಹುದೇ, ತೋಟ ಸೈಟ್ ಆಗಬಹುದೇ, ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡಿದರೆ ಕಾರು ನಿಲ್ಲಿಸಲು ಜಾಗವಾಗಬಹುದೇ? ಗೊಬ್ಬರ, ಕಪಾತಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಗದ್ದೆ ಇಲ್ಲದವರೂ ಅದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಅಕ್ಕ, ನಮ್ಮದು ಅಮ್ಮತ್ತಿ ಕಡೆ. ಅಪ್ಪನ ಕಾಲದ ಎರಡು ಎಕರೆ ಗದ್ದೆ ಪಾಳು ಬಿದ್ದು ಕೆಲವು ವರ್ಷಗಳಾದವು. ನಾಟಿಗೆ ಆಳು ಸಿಗುವುದಿಲ್ಲ, ಹೊಡೆ ಬರುವ ಹೊತ್ತಿಗೆ ಆನೆ ಇಳಿಯುತ್ತದೆ. ಮಣ್ಣು ತುಂಬಿಸಿ ಕನ್ವರ್ಷನ್ ಮಾಡಿಸಿ ಮಾರೋಣ ಎಂದು ಅಣ್ಣ ಹೇಳುತ್ತಾನೆ. ಅಡಿಕೆ ಹಾಕೋಣ ಎಂದು ನನ್ನ ಯೋಚನೆ. ಅವ್ವ ಮಾತ್ರ ‘ಗದ್ದೆ ಮುಟ್ಟಬೇಡಿ, ಬಾವಿ ಬತ್ತುತ್ತದೆ’ ಎನ್ನುತ್ತಾರೆ. ಗದ್ದೆಗೂ ಬಾವಿಗೂ ನಿಜವಾಗಿ ಸಂಬಂಧ ಇದೆಯೇ?

ಉತ್ತರ: ನಿಮ್ಮ ಅವ್ವ ಹೇಳುತ್ತಿರುವುದು ಸರಿ.

ಒಂದು ಎಕರೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ಸುಮಾರು 4 ಲಕ್ಷ ಲೀಟರ್ ಆಗುತ್ತದೆ. ನಿಮ್ಮ ಎರಡು ಎಕರೆಯಲ್ಲಿ 8 ಲಕ್ಷ. 12 ಸಾವಿರ ಲೀಟರಿನ ಟ್ಯಾಂಕರುಗಳಿಗೆ ತುಂಬಿಸುವುದಾದರೆ ಅರವತ್ತೈದಕ್ಕಿಂತ ಹೆಚ್ಚು ಟ್ಯಾಂಕರ್ ಬೇಕು. ಅದೂ ಒಂದು ಸಲ ತುಂಬಿದ ಲೆಕ್ಕ. ಜೂನ್‌ನಿಂದ ಹಿಡಿದು ಭತ್ತ ಹಣ್ಣಾಗುವ ತನಕ ಮಳೆ ಬಂದಾಗಲೆಲ್ಲ ಗದ್ದೆ ತುಂಬುತ್ತದೆ. ಹೆಚ್ಚಾದದ್ದು ತೂಬಿನಿಂದ ಕೆಳಗಿನ ಮಡಿಗೆ ಇಳಿಯುತ್ತದೆ, ಉಳಿದದ್ದು ಇಂಗುತ್ತದೆ. ಕೆಸರು ಮಾಡಿದ ಗದ್ದೆಯ ತಳ ಗಟ್ಟಿಯಾಗಿರುತ್ತದಲ್ಲ, ನೀರು ಇಂಗುವುದೆಲ್ಲಿ ಎಂದು ಕೃಷಿ ಓದಿದ ಹುಡುಗರು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆ ಗಟ್ಟಿ ಪದರ ನೀರನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ದಿನಕ್ಕೆ ಕೆಲವೇ ಮಿಲಿಮೀಟರ್ ಇಳಿದರೂ ನಾಲ್ಕೈದು ತಿಂಗಳು ಬಿಡದೆ ಇಳಿಯುತ್ತದೆ, ಬದುವಿನ ಬದಿಯಿಂದಲೂ ಜಿನುಗುತ್ತದೆ. ಬೋಳಾದ ಇಳಿಜಾರಿನಲ್ಲಿ ಬಿದ್ದ ಮಳೆಗೆ ಆ ಬಿಡುವು ಎಲ್ಲಿದೆ? ಅದು ಅದೇ ದಿನ ತೋಡು (ಸಣ್ಣ ತೊರೆ) ಸೇರಿ, ಹೊಳೆ ಸೇರಿ, ಕೆಳಗೆ ಹೋಗಿಬಿಡುತ್ತದೆ. ಮಾರ್ಚ್‌ನಲ್ಲಿ ನೀವು ಬಾವಿಯಿಂದ ಸೇದುವ ನೀರಿನಲ್ಲಿ ಆಗಸ್ಟ್‌ನಲ್ಲಿ ಗದ್ದೆಯಲ್ಲಿ ನಿಂತ ನೀರಿನ ಪಾಲಿದೆ.

ನಮ್ಮ ಕಡೆ ಆದದ್ದನ್ನು ಹೇಳುತ್ತೇನೆ. ನಮ್ಮ ಗದ್ದೆ ಇರುವುದು ಕಣಿವೆಯ ನಡುಭಾಗದಲ್ಲಿ. ಮೇಲಿನ ಮಡಿಗಳವರು ಅಡಿಕೆ ಹಾಕಿದರು. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು, ಹಾಗಾಗಿ ಸಾಲಿನ ನಡುವೆ ಆಳದ ಬಸಿಗಾಲುವೆ ತೆಗೆಸಿದರು. ಅದಾದ ಮೇಲೆ ಜುಲೈನಲ್ಲಿ ನೀರು ಒಟ್ಟಿಗೇ ನುಗ್ಗಿ ನಮ್ಮ ಬದು ಒಡೆಯತೊಡಗಿತು. ಶಿವರಾತ್ರಿ ತನಕ ಸಣ್ಣಗಾದರೂ ಹರಿಯುತ್ತಿದ್ದ ತೋಡು ಈಗ ಸಂಕ್ರಾಂತಿಗೇ ನಿಲ್ಲುತ್ತದೆ. ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಿದ್ದೇವೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಜಮೀನು ಅವರದು, ಸಾಲವೂ ಅವರದು. ಆದರೆ ಆ ಮಡಿಗಳು ಇಡೀ ಕಣಿವೆಗೆ ಮಾಡುತ್ತಿದ್ದ ಕೆಲಸ ಯಾವ ಆರ್‌ಟಿಸಿಯಲ್ಲೂ ಬರೆದಿರಲಿಲ್ಲ. ಅದು ನಿಂತ ಮೇಲೆಯೇ ಹಾಗೊಂದು ಕೆಲಸ ಇತ್ತು ಎಂದು ಎಲ್ಲರಿಗೂ ತಿಳಿಯಿತು.

ಇನ್ನೊಂದು ಸಂಗತಿ, ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಕೊಡಗಿನಲ್ಲಿ ಜಮ್ಮಾ ಗದ್ದೆಗೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಗದ್ದೆಗೆ, ಬಾಣೆ ಅಂಟಿಕೊಂಡೇ ಬಂದದ್ದು. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ಮರ ಬೇಕಲ್ಲ, ಅದಕ್ಕೆಂದು ಗದ್ದೆಯ ಮೇಲಿನ ಕಾಡನ್ನು ಮನೆತನಕ್ಕೆ ಬಿಟ್ಟುಕೊಟ್ಟರು. ಅಂದರೆ ಗದ್ದೆ ಇದ್ದದ್ದರಿಂದಲೇ ಬಾಣೆಯಲ್ಲಿ ಕಾಡು ಉಳಿದಿತ್ತು. ಕಾಫಿಗೆ ಬೆಲೆ ಬಂದು, ಗೊಬ್ಬರ ಚೀಲದಲ್ಲಿ ಸಿಗತೊಡಗಿ, ದನ ಕಡಿಮೆಯಾದ ಮೇಲೆ ಬಾಣೆಯ ಸೊಪ್ಪು ಯಾರಿಗೂ ಬೇಡವಾಯಿತು. 1977ರಿಂದ 1997ರ ನಡುವೆ ಜಿಲ್ಲೆಯ ಕಾಡಿನ ಹೊದಿಕೆ ಸುಮಾರು ಶೇ. 28ರಷ್ಟು ಕಡಿಮೆಯಾಯಿತು, ಕಾಫಿ ತೋಟದ ವಿಸ್ತೀರ್ಣ ಇಮ್ಮಡಿಯಾಯಿತು ಎಂದು ಆ ಕಾಲದ ನಕ್ಷೆಗಳನ್ನು ಹೋಲಿಸಿ ನೋಡಿದವರು ಬರೆದಿದ್ದಾರೆ. ಹೋದದ್ದು ಹೆಚ್ಚಾಗಿ ಖಾಸಗಿ ಕಾಡು, ಸರ್ಕಾರದ ರಿಸರ್ವ್ ಫಾರೆಸ್ಟ್ ಅಲ್ಲ. ಮೇಲೆ ಬಾಣೆ, ನಡುವೆ ತೋಟ, ಕೆಳಗೆ ಗದ್ದೆ, ಅದರ ಕೆಳಗೆ ತೋಡು ಎಂದು ಕಣಿವೆ ಕಣಿವೆಯೂ ಒಟ್ಟಾಗಿ ದುಡಿಯುತ್ತಿತ್ತು. ಅದರಲ್ಲಿ ಒಂದನ್ನು ಎತ್ತಿ ಬೇರೆ ಮಾಡಿದರೆ ಉಳಿದ ಮೂರರ ಕೆಲಸವೂ ಕೆಡುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಮಣ್ಣು ತುಂಬಿಸುವುದು ಬೇಡ, ಅಣ್ಣನನ್ನು ಕೂರಿಸಿ ಹೇಳಿ. ಹಿಟಾಚಿ ತಂದು ಒಮ್ಮೆ ತುಂಬಿಸಿದ ಗದ್ದೆಯನ್ನು ಮತ್ತೆ ಗದ್ದೆ ಮಾಡಲು ಆಗುವುದಿಲ್ಲ. ಮೇಲಿನಿಂದ ಬರುವ ನೀರು ಎಲ್ಲಿಗೂ ಹೋಗಲು ದಾರಿಯಿಲ್ಲದೆ ಪಕ್ಕದವರ ಗದ್ದೆಗೋ ರಸ್ತೆಗೋ ಏರುತ್ತದೆ. ತುಂಬಿಸುವ ಮಣ್ಣು ಕೂಡ ಯಾವುದೋ ಬೆಟ್ಟದ ಬುಡ ಅಗೆದು ತಂದದ್ದೇ ಆಗಿರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾದ ಮೇಲೆ ಅಣ್ಣನಿಗೆ ಗಿರಾಕಿ ಸಿಗುವುದು ಕಷ್ಟವಲ್ಲ. ಆದರೆ ಮಾರಿದ ಮೇಲೂ ನಿಮ್ಮ ಮನೆ, ಬಾವಿ ಅಲ್ಲಿಯೇ ಇರುತ್ತವೆ.

ಶುಂಠಿಗೆ ಗುತ್ತಿಗೆ ಕೊಡಿ ಎಂದು ಯಾರಾದರೂ ಬಂದೇ ಬರುತ್ತಾರೆ. ದುಡ್ಡು ಮುಂಗಡ ಕೈಗೆ ಬರುತ್ತದೆ, ನಿಜ. ಏರುಮಡಿ ಮಾಡಿ, ನೀರು ಬಸಿದು, ಔಷಧಿ ಹೊಡೆದು ಅವರು ಹೋದ ಮೇಲೆ ಆ ಮಣ್ಣಿನಲ್ಲಿ ಏಡಿಯೂ ಇರುವುದಿಲ್ಲ, ಕಪ್ಪೆಯೂ ಇರುವುದಿಲ್ಲ. ನಾನಂತೂ ಕೊಡುವುದಿಲ್ಲ.

ಅಡಿಕೆ ಹಾಕಲೇಬೇಕು ಎಂದಾದರೆ ಮೇಲಿನ, ಬೇಗ ಒಣಗುವ ಮಡಿಗಳಲ್ಲಿ ಮಾತ್ರ ಹಾಕಿ. ತೋಡಿಗೆ ತಾಗಿದ ಕೆಳಗಿನ ಮಡಿಗಳನ್ನು ಗದ್ದೆಯಾಗಿಯೇ ಬಿಡಿ. ಬಸಿಗಾಲುವೆಯ ನೀರನ್ನು ನೇರ ತೋಡಿಗೆ ಬಿಡದೆ ಆ ಮಡಿಗಳಿಗೇ ತಿರುಗಿಸಿ.

ಏನೂ ಬೆಳೆಯಲು ಆಗದಿದ್ದರೂ ಒಂದು ಕೆಲಸವನ್ನು ಬಿಡಬೇಡಿ: ಮಳೆಗಾಲದ ಮುಂಚೆ ಬದು ಕಟ್ಟಿ. ಪಾಳು ಗದ್ದೆ ಕೆಡುವುದು ಬೆಳೆ ಇಲ್ಲದ್ದರಿಂದಲ್ಲ. ಏಡಿ ಕೊರೆದ ತೂತಿಗೆ ಮಣ್ಣು ಮೆತ್ತುವವರು ಇಲ್ಲದೆ ಬದು ಜಾರುತ್ತದೆ, ನೀರು ನಡುವೆ ಕೊರಕಲು ಮಾಡಿಕೊಂಡು ಹೋಗುತ್ತದೆ. ಬದು ಮತ್ತು ತೂಬು ಸರಿ ಇದ್ದರೆ ಜೊಂಡು ಬೆಳೆದ ಪಾಳು ಗದ್ದೆಯೂ ನೀರು ಹಿಡಿಯುತ್ತದೆ. ಎರಡು ಆಳಿನ ಎರಡು ಮೂರು ದಿನದ ಕೆಲಸ ಅದು. ಇನ್ನು ಅರ್ಧ ಎಕರೆಯನ್ನಾದರೂ ಊರಿನ ಸ್ತ್ರೀಶಕ್ತಿ ಸಂಘಕ್ಕೋ ಲೈನ್‌ಮನೆಯವರಿಗೋ (ತೋಟದ ಕೆಲಸಗಾರರಿಗೋ) ಪಾಲಿಗೆ ಕೊಟ್ಟು ನೋಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ಬೇರೆಯವರ ಗದ್ದೆ ಹುಡುಕಿಕೊಂಡು ಹೋಗುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ನಿಮ್ಮ ಅವ್ವನಿಗೆ ಆ ದಿನ ಬರದಿರಲಿ.

ಒಂದು ಮಾತು ಸರ್ಕಾರಕ್ಕೆ. ಭತ್ತ ಬೆಳೆಯುವುದು ನಷ್ಟದ ಕೆಲಸ, ಅದನ್ನು ಯಾರೂ ಮುಚ್ಚಿಡಬೇಕಿಲ್ಲ. ಗದ್ದೆಯಿಂದ ನೀರು ಸಿಗುವುದು ಕೆಳಗಿನ ಊರಿಗೆ, ಖರ್ಚು ಬೀಳುವುದು ಗದ್ದೆ ಇಟ್ಟುಕೊಂಡವನಿಗೆ. ಪಕ್ಕದ ಕೇರಳ 2008ರಲ್ಲೇ ಗದ್ದೆ ಮತ್ತು ಜೌಗು ಭೂಮಿ ಉಳಿಸಲು ಕಾಯ್ದೆ ತಂದಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿತು. ಮೊತ್ತ ಸಣ್ಣದು. ಆದರೂ ಗದ್ದೆ ಅಕ್ಕಿಯೊಂದನ್ನೇ ಕೊಡುವುದಲ್ಲ ಎಂದು ಒಂದು ಸರ್ಕಾರ ಒಪ್ಪಿಕೊಂಡು ದುಡ್ಡು ಎಣಿಸಿ ಕೊಟ್ಟಿತಲ್ಲ, ಅದು ದೊಡ್ಡದು. ಕುಟ್ಟ ದಾಟಿದರೆ ವಯನಾಡು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು?

ಪ್ರಶ್ನೆ: ಮೇಡಂ, ಮಾದಾಪುರದ ಹತ್ತಿರ ನಮ್ಮದು ಅರೇಬಿಕಾ ತೋಟ. ಹಳೆಯ ಅತ್ತಿ, ಗೋಣಿ, ಹಲಸು, ನಂದಿ ಮರಗಳನ್ನು ತೆಗೆಸಿ ಪೂರ್ತಿ ಸಿಲ್ವರ್ ಓಕ್ ಮಾಡು ಎಂದು ಎಲ್ಲರೂ ಹೇಳುತ್ತಾರೆ. ಕಾಳುಮೆಣಸು ಹಬ್ಬಿಸಲೂ ಸುಲಭ, ಮರಕ್ಕೂ ದುಡ್ಡು. ಕಾಫಿ ಇದ್ದೇ ಇರುತ್ತದಲ್ಲ, ಕಾಡು ಕಡಿದ ಹಾಗೆ ಆಗುವುದಿಲ್ಲವಲ್ಲ?

ಉತ್ತರ: ದಾಖಲೆಯಲ್ಲಿ ತೋಟ ತೋಟವಾಗಿಯೇ ಉಳಿಯುತ್ತದೆ. ಒಳಗೆ ಮಾತ್ರ ಎಲ್ಲ ಬದಲಾಗುತ್ತದೆ.

ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಕಡಿಯಲು ಪರ್ಮಿಟ್ಟಿಗೆ ಅಲೆಯಬೇಕಿಲ್ಲ, ಅದರ ಹೂವಿಗೆ ಜೇನು ಕೂಡ ಬರುತ್ತದೆ. ತೋಟದಲ್ಲಿ ಒಂದಷ್ಟು ಇರಲಿ, ನನ್ನಲ್ಲೂ ಇದೆ. ತಕರಾರು ಇರುವುದು ‘ಪೂರ್ತಿ’ ಎನ್ನುವ ಮಾತಿಗೆ.

ನಿಮ್ಮದು ಅರೇಬಿಕಾ, ಹಾಗಾಗಿ ಮೊದಲು ಕಾಫಿ ಗಿಡದ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕದ ವಿಷಯ. ಅದರ ದುಂಬಿ ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಾರುತ್ತದೆ, ಬಿಸಿಲು ಬಿದ್ದ ಕಾಂಡ ಹುಡುಕಿ ಮೊಟ್ಟೆ ಇಡುತ್ತದೆ. ದಟ್ಟ ಎಲೆಯ ಅತ್ತಿ, ಗೋಣಿ ತೆಗೆದ ಕಡೆ ಬಿಸಿಲು ನೇರ ಗಿಡದ ಬುಡಕ್ಕೆ ಇಳಿಯುತ್ತದೆ. ಸಿಲ್ವರ್ ಓಕ್‌ನ ಸಣ್ಣ ತಲೆ ಅದನ್ನು ತಡೆಯುವುದಿಲ್ಲ. ಆಮೇಲೆ ಹುಳು ಹತ್ತಿದ ಗಿಡಗಳನ್ನು ಹುಡುಕಿ ಕಿತ್ತು ಸುಡುವ ಕೂಲಿಯನ್ನು ನೀವೇ ಕೊಡಬೇಕು. ಅಲ್ಲಿಯ ತನಕ ಆ ಕೆಲಸವನ್ನು ಹಳೆಯ ಮರಗಳು ಪುಕ್ಕಟೆ ಮಾಡುತ್ತಿದ್ದವು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ನೋಡಿ. ಕೆಳಗೆ ಹಾಲುವಾಣ, ಮೇಲೆ ಊರಿನ ಮರ ಎಂದು ಎರಡು ಅಂತಸ್ತಿನ ನೆರಳು ಇಡಲು ಹೇಳುತ್ತಾರೆ.

ಎಲೆಯ ವಿಷಯವೂ ಇದೆ. ಸಿಲ್ವರ್ ಓಕ್‌ನ ಎಲೆ ಕೊಳೆಯಲು ತುಂಬ ಕಾಲ ಬೇಕು. ಹಾಲುವಾಣ, ಅತ್ತಿಯ ಎಲೆ ಬೇಗ ಮಣ್ಣಾಗುತ್ತದೆ. ಅತ್ತಿ ಹಣ್ಣಿಗೆ ಬರುವ ಮಂಗಟ್ಟೆ, ಕುಟ್ರುಹಕ್ಕಿಗಳು ಹೊಸ ಬೀಜ ತಂದು ಹಾಕುತ್ತವೆ. ದೊಡ್ಡ ಗೋಣಿ ಮರಕ್ಕೆ ಹೆಜ್ಜೇನು ಕಟ್ಟುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ನಿಮಗೆ ಜೇನಿನ ಬೆಲೆ ಅಷ್ಟು ಗೊತ್ತಾಗಲಿಕ್ಕಿಲ್ಲ. ನಮ್ಮ ಕಕ್ಕಬ್ಬೆ ಕಡೆ ರೊಬಸ್ಟಾ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದು ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನ ಇದ್ದು ಹೋಗುತ್ತದೆ. ಆ ದಿನಗಳಲ್ಲಿ ಗಾಳಿಯ ಜೊತೆಗೆ ಹೆಜ್ಜೇನು, ತುಡುವೆ ಬಂದರೆ ಕಾಯಿ ಕಚ್ಚುವುದು ಹೆಚ್ಚು. ಜೇನು ಕಟ್ಟಲು ಮರ ಯಾರ ತೋಟದಲ್ಲಿದೆ, ಕಾಯಿ ಯಾರ ತೋಟದಲ್ಲಿ ಹೆಚ್ಚಿತು ಎಂದು ಅದು ನೋಡುವುದಿಲ್ಲ.

ನೀವು ಊರಿನ ಮರ ಏಕೆ ಬೆಳೆಸುವುದಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವೂ ನನಗೆ ಗೊತ್ತು. ಬಾಣೆಯ ಮರದ ಹಕ್ಕಿನ ಹಳೆಯ ಗೊಂದಲ, ಬೀಟೆಯೋ ಹೊನ್ನೆಯೋ ಕಡಿಯಬೇಕೆಂದರೆ ಕಚೇರಿಯಿಂದ ಕಚೇರಿಗೆ ಅಲೆದಾಟ. ತಾನು ಬೆಳೆಸಿದ ಮರ ತನ್ನದಾಗುವುದಿಲ್ಲ ಎಂದಾದರೆ ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಕಳೆ ಕತ್ತಿಯಲ್ಲಿ ಸವರಿಬಿಡುತ್ತಾರೆ. ಮರ ಉಳಿಸಲು ಮಾಡಿದ ಕಾನೂನು ಸಸಿಯನ್ನು ಕೊಲ್ಲುತ್ತಿದೆ. ಇದನ್ನು ಸರಿಪಡಿಸದೆ ರೈತರಿಗೆ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ ಎಂದು ನಾನು ಎಲ್ಲ ಸಭೆಯಲ್ಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಪ್ರಶ್ನೆ: ನಮ್ಮ ಊರಿನ ದೇವರಕಾಡಿನ ಅಂಚಿನಲ್ಲಿ ಸ್ವಲ್ಪ ಮರ ತೆಗೆದು ಸಮುದಾಯ ಭವನ ಕಟ್ಟಬೇಕೆಂದು ಸಮಿತಿಯಲ್ಲಿ ಚರ್ಚೆಯಾಗಿದೆ. ಅಂಚು ಮಾತ್ರ ಅಲ್ಲವೇ? (ನಾಪೋಕ್ಲು ಕಡೆಯ ಓದುಗರು)

ಉತ್ತರ: ಬೇಡ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಎಲ್ಲ ಸೇರಿ ಸುಮಾರು 2,500 ಹೆಕ್ಟೇರ್, ಅಂದರೆ ಒಂದೊಂದಕ್ಕೆ ಸರಾಸರಿ ಐದು ಎಕರೆ. ಇಷ್ಟು ಸಣ್ಣ ಕಾಡಿಗೆ ಅಂಚೇ ಹೆಚ್ಚು. ಅಂಚಿನ ಮರ ತೆಗೆದರೆ ಬಿಸಿಲು, ಗಾಳಿ ಒಳಗೆ ನುಗ್ಗಿ ಅದರ ಹಿಂದಿನ ಸಾಲು ಒಣಗುತ್ತದೆ, ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಳೆಗಳು ಏರುತ್ತವೆ. ಜೊತೆಗೆ ದಾಖಲೆಯಲ್ಲಿ ಅರಣ್ಯ ಎಂದಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಭವನಕ್ಕೆ ಊರಿನಲ್ಲಿ ಬೇರೆ ಜಾಗ ಸಿಗುತ್ತದೆ. ನಿಮ್ಮ ಹಿರಿಯರು ದೇವರ ಭಯದಿಂದ ಕತ್ತಿ ತಾಗಿಸದೆ ಉಳಿಸಿದ ಮರಗಳ ಬೀಜ ಬೇರೆಲ್ಲಿ ಸಿಗುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿರುವ ಕೊಡಗಿನವನು. ಕಾವೇರಿ ನೀರಿಗೆ ತಿಂಗಳು ತಿಂಗಳು ಬಿಲ್ ಕಟ್ಟುತ್ತೇನೆ. ಊರಿನ ಗದ್ದೆ, ಕಾಡಿಗೆಂದು ನಾವು ಮತ್ತೂ ಏನಾದರೂ ಕೊಡಬೇಕು ಎನ್ನುವುದು ಸರಿಯೇ?

ಉತ್ತರ: ಸರಿ ಎಂದೇ ನನ್ನ ಅಭಿಪ್ರಾಯ, ತಮ್ಮ. ನೀವು ಕಟ್ಟುವ ಬಿಲ್ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ನೀರು ಎತ್ತಿ ತರುವ ಕರೆಂಟಿಗೆ, ಪೈಪಿಗೆ, ಶುದ್ಧೀಕರಣಕ್ಕೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆಯಾಗಿದೆ. ಆ ನೀರು ಹುಟ್ಟುವ ಜಾಗಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ತಲಕಾವೇರಿಯ ತೀರ್ಥಕುಂಡಿಕೆ ಒಂದೇ ನದಿಯನ್ನು ತುಂಬಿಸುವುದಿಲ್ಲ. ಕನ್ನಿಕೆ, ಹಾರಂಗಿ, ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ, ಹೆಸರಿಲ್ಲದ ಸಾವಿರ ತೋಡುಗಳು ಸೇರಿ ಕಾವೇರಿ ಆಗಿದೆ. ಬೆಟ್ಟದ ಹುಲ್ಲುಗಾವಲು, ಸೋಲೆ (ಶೋಲಾ) ಕಾಡು, ಬಾಣೆ, ಗದ್ದೆ ಮಳೆಯನ್ನು ಹಿಡಿದಿಟ್ಟು ನಿಧಾನ ಬಿಡುವುದರಿಂದಲೇ ಬೇಸಿಗೆಯಲ್ಲೂ ಹೊಳೆಯಲ್ಲಿ ಹರಿವು ಇರುತ್ತದೆ. ಹಿಡಿದಿಡುವ ಜಾಗ ಕಡಿಮೆಯಾದರೆ ಅದೇ ಮಳೆ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗುತ್ತದೆ, ಏಪ್ರಿಲ್‌ನಲ್ಲಿ ಇರುವುದಿಲ್ಲ. ನಿಮ್ಮ ನಲ್ಲಿಯ ಭದ್ರತೆ ಇರುವುದು ಇಲ್ಲಿ.

ಇದು ಎಲ್ಲೂ ಆಗದ ಕೆಲಸವೇನಲ್ಲ. 1997ರಲ್ಲಿ ನ್ಯೂಯಾರ್ಕ್ ನಗರ ಭಾರೀ ಖರ್ಚಿನ ಸೋಸುವ ಘಟಕ ಕಟ್ಟುವ ಬದಲು ತನಗೆ ನೀರು ಕೊಡುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರು, ಊರುಗಳ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿಯ ನೆಲಕ್ಕೆ ದುಡ್ಡು ಹಾಕಿತು. ನಮ್ಮಲ್ಲೂ 2024ರ ಕೊನೆಗೆ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾಪವನ್ನು ಅರಣ್ಯ ಸಚಿವರು ಮುಂದಿಟ್ಟಿದ್ದರು. ಅಂಥದ್ದು ಬಂದರೆ ಆ ದುಡ್ಡು ಬೇಲಿ, ಬೋರ್ಡುಗಳಿಗೆ ಹೋಗದೆ ಗದ್ದೆ, ಬಾಣೆ ಉಳಿಸಿಕೊಂಡ ಮನೆಗಳಿಗೆ ಸೇರಬೇಕು ಎಂದು ನೀವು ಅಲ್ಲಿಂದ ಬರೆಯಿರಿ. ಇಲ್ಲಿಂದ ನಾವು ಹೇಳಿದರೆ ನಮಗಾಗಿ ಕೇಳಿದಂತಾಗುತ್ತದೆ.

ಮತ್ತೆ ಊರಿನಲ್ಲಿ ನಿಮ್ಮ ಪಾಲಿನ ಗದ್ದೆ ಇದ್ದರೆ ಬದು ಕಟ್ಟಲು ದುಡ್ಡು ಕಳಿಸಿ. ಅದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆಯನ್ನು ಹೋಂಸ್ಟೇ ಮಾಡುತ್ತಿದ್ದೇವೆ. ಮನೆ ಹಿಂದಿನ ಬರೆಯನ್ನು ಹದಿನೈದು ಅಡಿಯಷ್ಟು ನೆಟ್ಟಗೆ ಕಡಿದರೆ ನಾಲ್ಕು ಕಾರು ನಿಲ್ಲಿಸಬಹುದು. ಮೇಲೆ ಇಂಗುಗುಂಡಿ ತೋಡಿದರೆ ನೀರೂ ಉಳಿಯುತ್ತದೆ ಎಂದು ಕಂಟ್ರಾಕ್ಟರ್ ಹೇಳುತ್ತಾರೆ.

ಉತ್ತರ: ಎರಡನ್ನೂ ಮಾಡಬೇಡಿ. ದಯವಿಟ್ಟು ಮಾಡಬೇಡಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಬೆಟ್ಟಗಳು ಇಳಿದವು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಜೀವಗಳು ಹೋದವು. ಮಳೆ ವಿಪರೀತ ಇತ್ತು ಎನ್ನುವುದು ನಿಜ. ಜೊತೆಗೆ 2018ರ ಕುಸಿತಗಳನ್ನು ನೋಡಲು ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಸ್ತೆಗೆ, ಮನೆಗೆ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನು ಬೊಟ್ಟುಮಾಡಿ ತೋರಿಸಿದರು. ನಮ್ಮ ಬೆಟ್ಟಗಳ ಮೇಲೆ ಇರುವುದು ದಪ್ಪ ಮೆತ್ತನೆ ಮಣ್ಣು. ಬುಡ ಕಡಿದರೆ ಅದಕ್ಕೆ ಆಸರೆ ಇಲ್ಲ, ನೀರು ಕುಡಿದರೆ ಭಾರ ಹೆಚ್ಚುತ್ತದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಸಮತಟ್ಟಿನಲ್ಲಿ, ತೋಟದ ಮೆಲುಇಳಿಜಾರಿನಲ್ಲಿ. ಕಡಿದಾದ ಬರೆಯ ಮೇಲೆ ತೋಡಿದರೆ ಬರೆಯೊಳಕ್ಕೆ ನೀವೇ ನೀರು ಕುಡಿಸಿದಂತೆ. ಗದ್ದೆಯ ಬಗ್ಗೆ ಮೇಲೆ ಅಷ್ಟು ಬರೆದದ್ದು ಇದಕ್ಕೂ ಸೇರಿಯೇ: ನೀರು ಇಂಗಬೇಕಾದದ್ದು ಕಣಿವೆಯ ತಳದಲ್ಲಿ, ನಿಮ್ಮ ತಲೆಯ ಮೇಲಲ್ಲ.

ಕಾರುಗಳನ್ನು ರಸ್ತೆ ಬದಿಯ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಅತಿಥಿಗಳು ಸ್ವಲ್ಪ ನಡೆದು ಬರಲಿ. ಈಗಾಗಲೇ ಬರೆ ಕಡಿದಾಗಿದ್ದರೆ ಮೇಲಿನಿಂದ ಬರುವ ನೀರನ್ನು ಬದಿಗೆ ತಿರುಗಿಸುವ ಚರಂಡಿಯನ್ನು ಮೇ ತಿಂಗಳೊಳಗೆ ಮಾಡಿಸಿ. ತಡೆಗೋಡೆ ಕಟ್ಟುವುದಾದರೆ ಅದರಲ್ಲಿ ನೀರು ಹೊರಬರಲು ತೂತುಗಳಿರಲಿ. ಮಳೆಗಾಲದಲ್ಲಿ ಮೂರು ಗುರುತುಗಳನ್ನು ಗಮನಿಸಿ: ಬರೆಯ ಮೇಲೆ ಬಿರುಕು, ವಾಲುತ್ತಿರುವ ಮರ, ಯಾವಾಗಲೂ ತಿಳಿಯಾಗಿರುವ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅತಿಥಿಗಳನ್ನೂ ಮನೆಯವರನ್ನೂ ಬೇರೆ ಕಡೆ ಮಲಗಿಸಿ, ಪಂಚಾಯಿತಿಗೆ ಮತ್ತು ಕೆಳಗಿನ ಮನೆಯವರಿಗೆ ಕೂಡಲೇ ಫೋನ್ ಮಾಡಿ.